ಎಡ ಬಲಗಳ ಪಾಠ

ಅರುವತ್ತನೆಯ ವಯಸ್ಸಿನಲ್ಲಿ ಎಡ ಯಾವುದು, ಬಲ ಯಾವುದು ಎಂಬುದನ್ನು ಹೊಸದಾಗಿ ಕಲಿಯಬೇಕಾಯಿತೆಂದು ಹೇಳಿದರೆ ವಾಚಕರು ನಕ್ಕಾರು. ಮೂವತ್ತೈದು ವರ್ಷ ಹುಡುಗರಿಗೆ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತರಾದ ನಮಗೆ ಈ ಪಾಠವಾದುದು 2023ನೆಯ ಇಸವಿಯ ಮೇ ತಿಂಗಳಿನಲ್ಲಿ, ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನನಿಲ್ದಾಣದ ಬಾಗಿಲಲ್ಲಿ.

ನಮ್ಮ ಮಗಳ ಮನೆ ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರ್ ತೆಂಕಣಕ್ಕಿರುವ ಸ್ಯಾನ್ ಹೋಸೆ ಪಟ್ಟಣದಲ್ಲಿದೆ. ತಾನೇ ಬಂದು ಕರೆದೊಯ್ಯುವೆನೆಂದು ಅವಳು ಹೇಳಿದಳು, ನಾವೇ ಬೇಡವೆಂದೆವು. ಮೈಸೂರು ನಂಜನಗೂಡುಗಳ ನಡುವೆ ಇಪ್ಪತ್ತು ವರ್ಷ ಕಾರು ನಡೆಸಿದವರಿಗೆ ಇದೇನು ಮಹಾಕಾರ್ಯ? ಅಂತರರಾಷ್ಟ್ರೀಯ ಚಾಲನಪತ್ರವನ್ನೂ ಮಾಡಿಸಿಕೊಂಡಿದ್ದೆವು. 1949ರ ಜಿನೀವಾ ಒಪ್ಪಂದಕ್ಕನುಸಾರವಾಗಿ ಕೊಡುವ ಈ ಪುಸ್ತಿಕೆಯು ಒಂದು ವರ್ಷ ಸಲ್ಲುವುದು. ಆದರೆ ಊರಿನ ಮೂಲ ಲೈಸನ್ಸು ಜೊತೆಯಲ್ಲಿಲ್ಲದಿದ್ದರೆ ಅದು ತಾನಾಗಿ ನಿಲ್ಲಲಾರದು. ಅಲ್ಲಿಯ ರಸ್ತೆಯ ನಿಯಮಗಳನ್ನು ತಿಂಗಳುಗಟ್ಟಲೆ ಓದಿ, ಬಾಯಿಪಾಠ ಮಾಡಿ ಮನೆಯವರಿಗೆ ಒಪ್ಪಿಸಿಯೂ ಇದ್ದೆವು.

ವಿಮಾನದಿಂದಿಳಿದ ಮೇಲೆ ರಹದಾರಿಯ ಅಧಿಕಾರಿಯು ನಮ್ಮ ಬೆರಳಚ್ಚನ್ನೂ ಭಾವಚಿತ್ರವನ್ನೂ ತೆಗೆದುಕೊಂಡು, ಬಂದ ಕಾರಣವನ್ನು ಕೇಳಿ ಬಿಟ್ಟನು. ಸುಂಕದ ಕಟ್ಟೆಯಲ್ಲಿ ಮನೆಯವರು ತಂದಿದ್ದ ಚಟ್ನಿಪುಡಿಯನ್ನು ಮರೆಮಾಚದೆ ತಿಳಿಸಿದೆವು. ತಿಂಡಿತೀರ್ಥಗಳನ್ನು ಬಚ್ಚಿಟ್ಟರೆ ಅಲ್ಲಿ ದಂಡ ತೆರಬೇಕಾಗುವುದು. ಬಾಡಿಗೆಯ ಕಾರುಗಳೆಲ್ಲ ಬೇರೊಂದು ಕಟ್ಟಡದಲ್ಲಿವೆ. ಅಲ್ಲಿಗೆ ಚಾಲಕನೇ ಇಲ್ಲದ ಸಣ್ಣ ರೈಲು ಹೋಗುತ್ತದೆ, ಟಿಕೇಟಿಲ್ಲ. ನೀಲಿ ಗೆರೆಯ ಗಾಡಿಯನ್ನೇ ಹತ್ತತಕ್ಕದ್ದೆಂಬ ಫಲಕವನ್ನು ಮೊದಲು ಕಂಡವರು ನಮ್ಮ ಮನೆಯವರು. ನಾವು ಅದನ್ನು ದಾಟಿ ಬಹುದೂರ ನಡೆದಿದ್ದೆವು.

ಕಾರಿನ ಮಳಿಗೆಯಲ್ಲಿ ಪಾಸ್‌ಪೋರ್ಟು, ಚಾಲನಪತ್ರಗಳು, ನಡೆಸುವವರದೇ ಹೆಸರಿನ ಕ್ರೆಡಿಟ್ ಕಾರ್ಡು, ಇಷ್ಟನ್ನೂ ಕೇಳಿದರು. ಠೇವಣಿಯೆಂದು ಒಂದಷ್ಟು ಹಣವನ್ನು ಆ ಕಾರ್ಡಿನಲ್ಲಿಯೇ ತಡೆಹಿಡಿದರು. ವಿಮೆಯ ಬಗೆಗಳನ್ನು ಒಂದೊಂದಾಗಿ ಮುಂದಿಟ್ಟಾಗ ಮಗಳು ಬರೆದುಕೊಟ್ಟಿದ್ದ ಚೀಟಿಯನ್ನು ನೋಡಿ ಬೇಕಾದುದನ್ನು ಮಾತ್ರ ಒಪ್ಪಿದೆವು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು.

ಕಾರಿನೊಳಗೆ ಕುಳಿತೆವು. ಚಕ್ರವು ಎಡಗಡೆಯಲ್ಲಿ. ಗೇರನ್ನು ಹುಡುಕಿದ ಎಡಗೈಗೆ ಬಾಗಿಲು ಸಿಕ್ಕಿತು. ತಿರುವಿನ ದೀಪವನ್ನು ಹಾಕಲು ಹೋದರೆ, ಮೋಡದ ಚೂರೂ ಇಲ್ಲದ ಬಿಸಿಲಿನಲ್ಲಿ ಮಳೆನೀರೊರೆಸುವ ಕಡ್ಡಿಗಳು ಗಾಜಿನ ಮೇಲೆ ಆಡತೊಡಗಿದವು. ಮನೆಯವರು ಮುಸಿಮುಸಿ ನಕ್ಕರು. ನಮಗೂ ನಗು ಬಂದಿತು. ನಮ್ಮೂರಿನಲ್ಲಿ ರಸ್ತೆಯ ವೃತ್ತವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣವಾಗಿ ಸುತ್ತುವೆವು. ಇಲ್ಲಿಯದು ಅಪ್ರದಕ್ಷಿಣ, ಅಷ್ಟೇ ತಾನೆ, ಎಂದು ಅವರಿಗೆ ವ್ಯಾಖ್ಯಾನವನ್ನೂ ಮಾಡಿದೆವು.

ಆ ವ್ಯಾಖ್ಯಾನವು ಮುಗಿದು ಐದು ನಿಮಿಷವಾಗಿರಲಾರದು. ಹೊರರಸ್ತೆಗೆ ಬಂದು ಎಡಕ್ಕೆ ತಿರುಗಬೇಕಾಗಿತ್ತು. ಅಲ್ಲಿ ಎಡಕ್ಕೆ ತಿರುಗುವವನು ಆಚೆಯ ಬದಿಯನ್ನು ಸೇರಬೇಕು. ನಮ್ಮ ಕೈ ಈಚೆಯ ಬದಿಯನ್ನು ಹಿಡಿಯಿತು. “ಬಲಕ್ಕೆ! ಬಲಕ್ಕೆ!” ಎಂದು ಮನೆಯವರು ಕೂಗಿಕೊಂಡರು. ಎದುರಿಗೆ ಒಂದು ದೊಡ್ಡ ವಾಹನ ಬರುತ್ತಲಿತ್ತು. ಅದರ ಚಾಲಕನು ಸಕಾಲದಲ್ಲಿ ನಿಲ್ಲಿಸಿದನು, ನಾವೂ ನಿಂತೆವು. ನಡುವೆ ಉಳಿದುದು ಎರಡು ಮಾರು ನೆಲ. ಆತನು ಹಾರನ್ನು ಒತ್ತಲಿಲ್ಲ, ಬೈಯಲಿಲ್ಲ. ನಾವು ಹಿಂದೆ ಸರಿದು ಸರಿಹೋಗುವವರೆಗೆ ಕಾದು, ಕೈಯೆತ್ತಿ ಹೊರಟುಹೋದನು.

ಬದಿಯಲ್ಲಿ ಕಾರನ್ನು ನಿಲ್ಲಿಸಿದಾಗ ನಮ್ಮ ಕೈಗಳು ನಡುಗುತ್ತಿದ್ದವು. ದೀರ್ಘಪ್ರಯಾಣದ ನಿದ್ದೆಗೇಡು ಒಂದು ಕಾರಣವೆನ್ನೋಣ. ಆದರೆ ನಿಯಮವನ್ನು ನಾವು ತಿಳಿಯದವರಾಗಿರಲಿಲ್ಲ. ಬುದ್ಧಿ ಬಲ್ಲುದನ್ನು ಕೈ ಬಲ್ಲದಾಗಿದ್ದಿತು. ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾದಾಗ ಬೆಳಗಿನ ಐದಕ್ಕೆ ಹತ್ತು ನಿಮಿಷವಿರುವಾಗಲೇ ರಸ್ತೆಯ ಮೇಲಿನ ವಾಹನಗಳನ್ನೆಲ್ಲ ನಿಲ್ಲಿಸಿ, ಬದಿ ಬದಲಿಸಿ, ಐದಕ್ಕೆ ಹೊರಡಿಸಿದರಂತೆ. ಒಂದು ರಾಷ್ಟ್ರವೇ ಅಷ್ಟು ಎಚ್ಚರ ವಹಿಸಿದ ಕೆಲಸವನ್ನು ನಾವು ಹುಡುಗಾಟವೆಂದುಕೊಂಡಿದ್ದೆವು.

ಆಗ ನಮ್ಮ ನೆನಪಿಗೆ ಒಬ್ಬ ಹುಡುಗನು ಬಂದನು. ನಾವು ಉಪಾಧ್ಯಾಯರಾದ ಮೊದಲ ವರ್ಷಗಳಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದವನು. ಎಡಗೈಯಲ್ಲಿ ಬರೆಯುತ್ತಿದ್ದನು, ಅಕ್ಷರ ದುಂಡಾಗಿತ್ತು. ಸರಸ್ವತಿಗೆ ಅಪಚಾರವೆಂದು ಅವನ ಎಡಗೈ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಹೊಡೆದೆವು. ಒಂದು ದಿನವಲ್ಲ, ಒಂದು ವರ್ಷ. “ಗೊತ್ತು ಸಾರ್, ಕೈ ತಾನೇ ಹೋಗುತ್ತದೆ” ಎಂದು ಅವನು ಅಳುತ್ತಿದ್ದನು. ನಾವು ಅದನ್ನು ಹಟವೆಂದು ತಿಳಿದೆವು. ಬಲಗೈಯ ಬರಹವು ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ, ಮಾತೂ ಕಡಮೆಯಾಯಿತು. ನಮ್ಮನ್ನಾದರೋ ಅಪರಿಚಿತನೊಬ್ಬನು ಕಾದು ಕ್ಷಮಿಸಿ ಹೋದನು.

ಮೆಲ್ಲನೆ ಅದೇ ಕಟ್ಟಡಕ್ಕೆ ಹಿಂದಿರುಗಿ ಕಾರನ್ನು ಒಪ್ಪಿಸಿ ಮಗಳನ್ನು ಕರೆದೆವು. ಒಂದು ದಿನದ ಬಾಡಿಗೆ ಹೋಯಿತು, ಅಭಿಮಾನವೂ ಹೋಯಿತು. ಮುಂದೆ ಎರಡು ಭಾನುವಾರ, ಬಿಕೋ ಎನ್ನುವ ಬಯಲೊಂದರಲ್ಲಿ, ಮಗಳು ಪಕ್ಕದಲ್ಲಿ ಕುಳಿತು ನಮಗೆ ಕಲಿಸಿದಳು. ತಪ್ಪಿದಾಗ ಗದರಲಿಲ್ಲ, “ಇನ್ನೊಮ್ಮೆ, ಅಪ್ಪಾ” ಎಂದಳು. ಕೈ ಕಲಿತಿತು.

ಪರದೇಶದಲ್ಲಿ ಕಾರು ನಡೆಸಹೊರಡುವ ಹಿರಿಯರಿಗೆ ನಾವು ಹೇಳುವುದಿಷ್ಟೆ: ವಿಮಾನವಿಳಿದ ದಿನ ಚಕ್ರವನ್ನು ಮುಟ್ಟಬೇಡಿರಿ, ಪಕ್ಕದಲ್ಲಿರುವವರ ಮಾತನ್ನು ಕೇಳಿರಿ. ಇನ್ನು ಮನೆಯಲ್ಲಿ ಎಡಗೈಯ ಮಗುವಿದ್ದರೆ ಅದನ್ನು ಅದರ ಪಾಡಿಗೆ ಬರೆಯಗೊಡಿರಿ. ವಾಮವೆಂಬ ಶಬ್ದಕ್ಕೆ ಎಡವೆಂದೂ ಪ್ರತಿಕೂಲವೆಂದೂ ಅರ್ಥ ಹೇಳಿಕೊಡುತ್ತಿದ್ದ ನಾವು, ಸುಂದರವೆಂಬ ಮೂರನೆಯ ಅರ್ಥವನ್ನು ಆ ಹುಡುಗನ ಮುಂದೆ ಒಂದು ದಿನವೂ ಹೇಳಲಿಲ್ಲ.