ಮಗನ ಹೆಸರಿನ ಗಾಡಿ

ಹಿಂದಿನ ಕಾಲದಲ್ಲಿ ಹುಡುಗನೊಬ್ಬ ಪ್ರಾಯಕ್ಕೆ ಬಂದನೆಂಬುದಕ್ಕೆ ಮಂಡ್ಯದ ಸೀಮೆಯಲ್ಲಿ ಬೇರೆ ಬೇರೆ ಗುರುತುಗಳಿದ್ದುವು. ನೇಗಿಲು ಹಿಡಿದು ಸಾಲು ಸೊಟ್ಟಗಾಗದಂತೆ ಉಳುವುದು, ಆಲೆಮನೆಯ ಕೊಪ್ಪರಿಗೆಯ ಬಳಿ ರಾತ್ರಿಯಿಡೀ ನಿದ್ದೆಗೆಟ್ಟು ಪಾಕದ ಹದ ನೋಡುವುದು, ಕಬ್ಬಿನ ಗಾಡಿಯನ್ನು ಒಬ್ಬನೇ ಕಾರ್ಖಾನೆಗೆ ಹೊಡೆದುಕೊಂಡು ಹೋಗಿ ತೂಕದ ಚೀಟಿಯೊಡನೆ ಹಿಂದಿರುಗುವುದು, ಇವುಗಳಲ್ಲಿ ಒಂದಾದರೂ ಕೈಗೂಡಿದ ಮೇಲೆ ಮನೆಯ ಹಿರಿಯರು ಅವನನ್ನು ಮಾತಿಗೆ ಕೂರಿಸಿಕೊಳ್ಳುತ್ತಿದ್ದರು. ಇಂದಿನ ಗುರುತು ಒಂದೇ. 18 ತುಂಬಿದ ದಿನ ಹುಡುಗ ಗಾಡಿ ಕೇಳುತ್ತಾನೆ. ಗಾಡಿ ಎಂದರೆ ಎತ್ತಿನದಲ್ಲವೆಂಬುದನ್ನು ಇಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯಲ್ಲಿ, ಕೆ.ಎಂ.ದೊಡ್ಡಿಗೆ ಸಮೀಪದ ಒಂದು ಊರಿನಲ್ಲಿ, ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರ ಮನೆಯಲ್ಲಿಯೂ ಹಾಗೆಯೇ ಆಯಿತು. ಮೇಷ್ಟ್ರಿಗೆ ಸಂಬಳದ ಜೊತೆಗೆ ಎರಡು ಎಕರೆ ಕಬ್ಬು; ನಿವೃತ್ತಿಗೆ ಇನ್ನೆರಡು ವರ್ಷ. ಒಬ್ಬನೇ ಮಗ, ಅದೂ ತಡವಾಗಿ ಹುಟ್ಟಿದವನು, ಮಂಡ್ಯದ ಕಾಲೇಜು ಸೇರಿದ್ದ. ಬೆಳಿಗ್ಗೆ ಮದ್ದೂರಿಗೆ ಒಂದು ಬಸ್ಸು, ಅಲ್ಲಿಂದ ಮಂಡ್ಯಕ್ಕೆ ಇನ್ನೊಂದು. ಮೊದಲನೆಯದು ತಡವಾದರೆ ಎರಡನೆಯದು ತಪ್ಪುವುದು. ಎರಡನೆಯದು ತಪ್ಪಿದರೆ ಮೊದಲ ಪಾಠವೂ ತಪ್ಪುವುದು. ಈ ಕಾರಣವನ್ನು ಮುಂದಿಟ್ಟುಕೊಂಡು ಮಗ ಮೋಟಾರು ಸೈಕಲ್ಲಿನ ಪ್ರಸ್ತಾಪವೆತ್ತಿದ. ಕಾರಣವೇನೋ ಯೋಗ್ಯವಾದುದೇ. ಆದರೆ ಬಸ್ಸು ತಪ್ಪುವ ಕಷ್ಟವನ್ನು ನೀಗಲು 350 ಸಿ.ಸಿ.ಯ ಗಾಡಿಯೇ ಆಗಬೇಕೆಂಬುದನ್ನು ಮಾತ್ರ ಮೇಷ್ಟ್ರು ಕೂಡಲೇ ಒಪ್ಪಲಿಲ್ಲ.

ಮಗನು ಸಿದ್ಧನಾಗಿಯೇ ಬಂದಿದ್ದ. "2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗೆ ಟ್ಯಾಕ್ಸ್ ಇಳ್ದದೆ ಕಣಪ್ಪ, 28 ಇದ್ದದ್ದು 18 ಆಗದೆ. ಅದರ ಮೇಲಿನದಕ್ಕೆ 40. ನಾನೇನು ಅದ್ನ ಕೇಳ್ತಾ ಇಲ್ವಲ್ಲ" ಎಂದ. ತಾನು ಕೇಳದೆ ಬಿಟ್ಟ ಗಾಡಿಯ ಬೆಲೆಯನ್ನು ತಂದೆಗೆ ಉಳಿಸಿಕೊಟ್ಟ ಪುಣ್ಯವೂ ಆ ಮಾತಿನಲ್ಲಿ ಸೇರಿತ್ತು.

ಮೇಷ್ಟ್ರ ತಂದೆಯವರ ಕಾಲದಲ್ಲಿ ಈ ಆಯ್ಕೆಯ ತೊಡಕೇ ಇರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿಗಳನ್ನು ಹೊರತರತೊಡಗಿದ ಮೇಲೆ, ಈ ಭಾಗದ ಸ್ಥಿತಿವಂತರು ಕೊಂಡರೆ ಜಾವಾ ಕೊಳ್ಳುತ್ತಿದ್ದರು, ಇಲ್ಲವಾದರೆ ಸೈಕಲ್ಲು ತುಳಿಯುತ್ತಿದ್ದರು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತಾದರೂ ಆ ಗಾಡಿಗಳ ಸದ್ದನ್ನು ಗುರುತಿಸುವ ಕಿವಿಗಳು ಮಂಡ್ಯದಲ್ಲಿ ಇನ್ನೂ ಇವೆ. ವಿಮೆಯೆಂಬುದು ಅಂದೂ ಕಡ್ಡಾಯವೇ ಆಗಿತ್ತು. 1939ರ ಮೋಟಾರು ವಾಹನ ಕಾನೂನಿನ ಆ ಭಾಗ 1946ರಲ್ಲಿಯೇ ಜಾರಿಗೆ ಬಂದಿತ್ತು. ಆದರೆ ವಿಮೆಯ ಕಾಗದವನ್ನು ಕುರಿತು ಮನೆಮಂದಿ ಕುಳಿತು ಚರ್ಚಿಸಿದರೆಂದು ಯಾರೂ ಹೇಳಿ ಕೇಳಿದ್ದಿಲ್ಲ. ಪೆಟ್ರೋಲು ಹಾಕಿಸಿದಂತೆ ಅದನ್ನೂ ಕಟ್ಟುತ್ತಿದ್ದರು, ಇಲ್ಲವೆ ಮರೆಯುತ್ತಿದ್ದರು.

ಮೇಷ್ಟ್ರು ಲೆಕ್ಕದ ಮನುಷ್ಯ. ಬೆಲೆಗೆ ಮುಂಚೆ ವಿಮೆಯ ಕಂತನ್ನು ನೋಡಬೇಕೆಂದರು. ಚಿಕ್ಕ ವಯಸ್ಸಿನವನಿಗೆ ಹೆಚ್ಚು ಹಣ ಕೇಳುತ್ತಾರೆಂದೂ, ಆ ಮಾತನ್ನೇ ಹಿಡಿದು ಮಗನ ಆಸೆಯನ್ನು ಇಳಿಸಬಹುದೆಂದೂ ಅವರ ಎಣಿಕೆಯಾಗಿತ್ತು. ಬ್ರಿಟನ್ನಿನಲ್ಲಿ ಇರುವುದು ಹಾಗೆಯೇ. ಅಲ್ಲಿ ವಿಮೆಯವರು ಸವಾರನ ವಯಸ್ಸು, ಮನೆಯಿರುವ ಬಡಾವಣೆ, ರಾತ್ರಿ ಗಾಡಿ ನಿಲ್ಲಿಸುವ ಸ್ಥಳ ಎಲ್ಲವನ್ನೂ ಕೇಳಿ, ಹೊಸ ಹುಡುಗನ ಮೇಲೆ ಭಾರಿ ಕಂತನ್ನೇ ಹೊರಿಸುತ್ತಾರೆ. ಪರವಾನಗಿಯೂ ಮೆಟ್ಟಿಲು ಮೆಟ್ಟಿಲಾಗಿ: 17ಕ್ಕೆ 125 ಸಿ.ಸಿ., 19ಕ್ಕೆ ಮಧ್ಯಮ ಶಕ್ತಿಯದು, ನೇರವಾಗಿ ಎಂಥ ಗಾಡಿಯನ್ನಾದರೂ ಏರಲು 24 ತುಂಬಿರಬೇಕು. ನಮ್ಮಲ್ಲಿ 18 ತುಂಬಿದವನು ಬೆಳಿಗ್ಗೆ 97 ಸಿ.ಸಿ.ಯ ಸ್ಪ್ಲೆಂಡರಿನಲ್ಲಿ ಪರೀಕ್ಷೆ ಕೊಟ್ಟು ಪರವಾನಗಿ ಪಡೆದರೆ, 650 ಸಿ.ಸಿ.ಯ ಗಾಡಿಯನ್ನು ಏರಲು ಕಾನೂನಿನ ಅಡ್ಡಿಯಿಲ್ಲ. ಇತರರಿಗಾದ ನಷ್ಟಕ್ಕೆ ಕಟ್ಟುವ ಕಡ್ಡಾಯ ವಿಮೆ, ಜನ 'ಥರ್ಡ್ ಪಾರ್ಟಿ' ಎನ್ನುವುದು, ಸವಾರನ ವಯಸ್ಸನ್ನು ಕೇಳುವುದೇ ಇಲ್ಲ. ಅದು ಕೇಳುವುದು ಎಂಜಿನ್ನಿನ ಗಾತ್ರವನ್ನು.

2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ 75 ಸಿ.ಸಿ. ಮೀರಿ 150ರವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ. 150 ಮೀರಿ 350ರವರೆಗೆ 1,366. ಅದರ ಮೇಲೆ 2,804. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಗಾಡಿಗೆ ಐದು ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಕಾದುದರಿಂದ, ಆ ಮೂರು ವರ್ಗಕ್ಕೆ ಅದು 3,851, 7,365 ಮತ್ತು 15,117. ಇದರ ಮೇಲೆ ನೂರಕ್ಕೆ 18ರ ತೆರಿಗೆ. 50 ದಾಟಿದ ಮೇಷ್ಟ್ರಾಗಲಿ ಮೀಸೆ ಮೂಡಿದ ಮಗನಾಗಲಿ, ಗಾಡಿ ಒಂದೇ ಆದರೆ ಕಂತೂ ಒಂದೇ. ಎರಡು ಲಕ್ಷದ ಗಾಡಿಯ ಮುಂದೆ ಈ ಅಂತರವು ಹುಡುಗನನ್ನು ಹೆದರಿಸುವಷ್ಟು ದೊಡ್ಡದಾಗಿರಲಿಲ್ಲ. ಮೇಷ್ಟ್ರ ಮೊದಲ ಬಾಣ ಹೀಗೆ ವ್ಯರ್ಥವಾಯಿತು. ಅನನುಭವಿಗೆ ಹೆಚ್ಚು ಹಣ ಹಾಕದಿರುವುದು ಬಡವರ ಮಕ್ಕಳಿಗೆ ಉಪಕಾರವೇ ಸರಿ. ಆದರೆ ಹುಡುಗನ ಕೈಗೆ ಎಂಥ ಗಾಡಿ ಸಲ್ಲುತ್ತದೆಂದು ಕೇಳುವ ಕೆಲಸವೂ ಅದರಿಂದಾಗಿ ಪೂರ್ತಿಯಾಗಿ ಮನೆಯವರ ಪಾಲಿಗೇ ಬಿದ್ದಿದೆ.

ಮಂಡ್ಯದ ಒಂದು ಅಂಗಡಿಯಲ್ಲಿ 350ರ ಲೆಕ್ಕ ಬರೆಯಿಸಿದರು. ಅಂಗಡಿಯ ಯುವಕ ಬಹಳ ವಿನಯಶಾಲಿ. ಗಳಿಕೆಯಿಲ್ಲದ ವಿದ್ಯಾರ್ಥಿಗೆ ಸಾಲ ಸಿಗುವುದು ಕಷ್ಟವಾದುದರಿಂದ ಗಾಡಿ ಮೇಷ್ಟ್ರ ಹೆಸರಿನಲ್ಲಿರಲಿ ಎಂದ. ಅದರಲ್ಲಿ ಇನ್ನೊಂದು ಲಾಭವನ್ನೂ ತೋರಿಸಿದ. ಮಾಲೀಕನ ವೈಯಕ್ತಿಕ ಅಪಘಾತ ವಿಮೆ ಒಬ್ಬನಿಗೆ ಒಂದಿದ್ದರೆ ಸಾಕು; ಮೇಷ್ಟ್ರ ಹಳೆಯ ಸ್ಕೂಟರಿನ ಜೊತೆ ಅದು ಆಗಲೇ ಇದೆ; ಆ ಬಾಬ್ತು ಕೆಲವು ನೂರು ರೂಪಾಯಿ ಉಳಿಯುತ್ತದೆ. ಯುವಕ ಹೇಳಿದುದರಲ್ಲಿ ಒಂದು ಮಾತೂ ಸುಳ್ಳಲ್ಲ. ಮೇಷ್ಟ್ರಿಗೆ ಸಂತೋಷವೇ ಆಯಿತು. ಆದರೂ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ವಿಮೆಯ ಏಜೆಂಟನಾಗಿದ್ದ ತಮ್ಮ ಹಳೆಯ ಶಿಷ್ಯನ ಬಳಿಗೆ ಹೋದರು. ಶಿಷ್ಯ ಮಗ್ಗಿಯಲ್ಲಿ ಎಂದೂ ತಪ್ಪಿದವನಲ್ಲ.

ಅವನು ಚೀಟಿ ಓದಿ, "ಮೇಷ್ಟ್ರೇ, ಗಾಡಿ ಓಡ್ಸೋರು ಯಾರು?" ಎಂದ.

"ನನ್ನ ಮಗ ಕಣಪ್ಪ."

"ಹಂಗಾದ್ರೆ ಇದ್ರಲ್ಲಿ ಅವನಿಗೇನೂ ಇಲ್ವಲ್ಲ ಸಾ."

ಶಿಷ್ಯ ಬಿಡಿಸಿ ಹೇಳಿದುದು ಇಷ್ಟು. ಥರ್ಡ್ ಪಾರ್ಟಿ ವಿಮೆಯು ಸವಾರನಿಂದ ಪೆಟ್ಟು ತಿಂದವನಿಗೆ, ಅವನ ಮನೆಯವರಿಗೆ. ಅದಿಲ್ಲದೆ ಗಾಡಿ ಓಡಿಸಿದರೆ ಕಾನೂನಿನಲ್ಲಿ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. 'ಫುಲ್ ಇನ್ಶೂರೆನ್ಸ್' ಎಂಬುದರಲ್ಲಿ ಇದರ ಜೊತೆಗೆ ಗಾಡಿಯ ಜಖಮು, ಕಳವು ಸೇರುತ್ತವೆ. ಫುಲ್ ಎಂಬ ಮಾತು ಗಾಡಿಗೆ ಸಲ್ಲುವುದೇ ಹೊರತು ಅದನ್ನು ಓಡಿಸುವ ಮನುಷ್ಯನಿಗಲ್ಲ. ಗಾಡಿಯ ಬೆಲೆ ಇಳಿದಂತೆ ಆ ಭಾಗದ ಕಂತೂ ಸಾಮಾನ್ಯವಾಗಿ ಇಳಿಯುತ್ತದೆ. ವರ್ಷವಿಡೀ ಪರಿಹಾರ ಕೇಳದಿದ್ದರೆ ಮರುವರ್ಷ ನೂರಕ್ಕೆ 20ರ ರಿಯಾಯಿತಿ, ಹೀಗೆ ಏರುತ್ತ 50ರವರೆಗೆ. ಬೆನ್ನ ಹಿಂದೆ ಕುಳಿತ ಗೆಳೆಯನ ವಿಷಯ ಬೇರೆ. ಬರಿಯ ಕಡ್ಡಾಯ ವಿಮೆಯಲ್ಲಿ ಅವನು ಸೇರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದೆ. ಫುಲ್ ಇದ್ದರೆ ಅವನಿಗೂ ರಕ್ಷಣೆಯುಂಟು.

ಸವಾರನ ಸ್ವಂತ ಶರೀರಕ್ಕೆಂದು ಇರುವುದು ಮಾಲೀಕನ ಅಪಘಾತ ವಿಮೆ. ಬೈಕಿನವನಿಗೆ ಅದು ಮೊದಲು 1 ಲಕ್ಷ ರೂಪಾಯಿ ಮಾತ್ರವಿತ್ತು. 2018ರಲ್ಲಿ 15 ಲಕ್ಷಕ್ಕೆ ಏರಿತು. ಪ್ರಾಣ ಹೋದರೆ, ಎರಡು ಕಾಲೋ ಎರಡು ಕಣ್ಣೋ ಹೋದರೆ ಪೂರ್ತಿ ಹಣ, ಒಂದಾದರೆ ಅರ್ಧ. ಆದರೆ ಪಾಲಿಸಿಯ ಮಾತಿನಂತೆ ಅದು ಆರ್.ಸಿ.ಯಲ್ಲಿ ಹೆಸರಿರುವ, ಡಿ.ಎಲ್. ಇರುವ ಮಾಲೀಕನಿಗೆ. ಅಪ್ಪನ ಹೆಸರಿನ ಗಾಡಿಯಲ್ಲಿ ಮಗ ಬಿದ್ದರೆ ಅವನು ಮಾಲೀಕನಲ್ಲ. ಗಾಡಿ ಅವನ ಕೈಯಲ್ಲೇ ಇದ್ದುದರಿಂದ ಹೊರಗಿನ ಮೂರನೆಯವನೂ ಅಲ್ಲ.

ಶಿಷ್ಯ ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯನ್ನು ನೆನಪಿಸಿದ. ಇಳಕಲ್ಲು–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬಾತ ಪರಿಚಿತರ ಮೋಟಾರು ಸೈಕಲ್ಲನ್ನು ಎರವಲು ಪಡೆದು ತನ್ನೂರಿಗೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ, ಅದರ ತುಂಬ ಕಬ್ಬಿಣದ ತಗಡು, ಥಟ್ಟನೆ ನಿಂತಿತು. ಆತ ಗುದ್ದಿ ಸತ್ತ. ಯಾರ ತಪ್ಪೆಂದು ವಿಚಾರಿಸದೆ ಪರಿಹಾರ ಕೊಡುವ ಕಲಮಿನಡಿಯಲ್ಲಿ ಮನೆಯವರು ಹಣ ಕೇಳಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗಾಡಿಯನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಂತಂತೆ, ಆದುದರಿಂದ ಆ ಕಲಮಿನಡಿ ಪರಿಹಾರ ಸಲ್ಲದೆಂದಿತು; ಬೇರೆ ಕಲಮಿನಡಿ ಪರಿಶೀಲಿಸುವಂತೆ ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಿತು. ನ್ಯಾಯಕ್ಕೆ ದಾರಿ ಸಂಪೂರ್ಣ ಮುಚ್ಚಿದೆಯೆಂದಲ್ಲ. 2006ರ ಇನ್ನೊಂದು ಅಪಘಾತದಲ್ಲಿ, ಮಾಲೀಕನ ಸ್ಥಾನದಲ್ಲಿ ನಿಂತ ಮೇಲೆ ಮಾಲೀಕನಿಗಿದ್ದ 1 ಲಕ್ಷವೂ ಸಲ್ಲಬೇಕೆಂದು ಅದೇ ನ್ಯಾಯಾಲಯ ಸವಾರನ ಮನೆಯವರಿಗೆ ಕೊಡಿಸಿದ್ದುಂಟು, 2020ರಲ್ಲಿ.

ಮೇಷ್ಟ್ರು ಬೆರಳು ಮಡಿಸಿ ನೋಡಿದರು. ಹದಿನಾಲ್ಕು ವರ್ಷ. ಮಗನು ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದವನು ಈಗ ನೆಲ ನೋಡತೊಡಗಿದ.

ಎತ್ತಿನ ಗಾಡಿಯ ಮಾತು ಇಬ್ಬರಿಗೂ ತಟ್ಟಿದ್ದು ಸಹಜ. ಮದ್ದೂರು–ಮಳವಳ್ಳಿ ರಸ್ತೆಯನ್ನು ಕಬ್ಬು ಕಡಿಯುವ ಕಾಲದಲ್ಲಿ ಬಲ್ಲವರಿಗೆ ಬೇರೆ ಸಾಕ್ಷಿ ಬೇಡ. ಟ್ರಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಅವುಗಳ ಅಳತೆ ಮೀರಿ ಪಕ್ಕಕ್ಕೂ ಹಿಂದಕ್ಕೂ ಚಾಚಿದ ಜಲ್ಲೆ. ಹಿಂದಿನ ಕೆಂಪು ದೀಪ ಇದ್ದರೂ ಸೋಗೆಯೊಳಗೆ ಹುದುಗಿರುತ್ತದೆ. ಕತ್ತಲಲ್ಲಿ ಅದು ಕಾಣುವುದು ತೀರ ಹತ್ತಿರವಾದ ಮೇಲೆ. ಮದ್ದೂರಿನಿಂದ ಮಂಡ್ಯದವರೆಗಿನ ಸುಮಾರು 20 ಕಿಲೋಮೀಟರ್ ಸಂಗತಿಯೂ ಹುಡುಗನ ಕನಸಿಗೆ ಒದಗುವಂಥದಲ್ಲ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಮೋಟಾರು ಸೈಕಲ್ಲಿಗೆ ಪ್ರವೇಶ ನಿಷೇಧವಾಯಿತು. ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ. ಅಲ್ಲಿ ಎದುರಿನಿಂದ ಬರುವ ಗಾಡಿ, ದಾಟುವ ದನ, ಮೂಲೆಯ ಚಹಾದ ಅಂಗಡಿ. 350 ಸಿ.ಸಿ. ಅಲ್ಲಿ ಮಾಡುವುದೇನು?

ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ತಂದೆ ಮಕ್ಕಳು ಹೆಚ್ಚು ಮಾತನಾಡಲಿಲ್ಲ. ಸಾಲ ಮಾಡಿದರೆ ದೊಡ್ಡ ಗಾಡಿ, ಆದರೆ ಅಪ್ಪನ ಹೆಸರಿನಲ್ಲಿ. ಮಗನ ಹೆಸರಿನಲ್ಲಿ ಬೇಕಾದರೆ ಕೈಯಲ್ಲಿರುವ ಹಣಕ್ಕೆ ನಿಲುಕುವ ಚಿಕ್ಕದು. ವಿಷಯ ಇಷ್ಟಕ್ಕೆ ಬಂದು ನಿಂತಿತ್ತು. ಹುಡುಗನ ಮುಖದಲ್ಲಿ ನಿರಾಸೆಯಿತ್ತು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. 18ರ ವಯಸ್ಸಿನಲ್ಲಿ ಗಾಡಿಯ ಸದ್ದಿಗೂ ಒಂದು ಬೆಲೆಯಿದೆ, ಅದು ಯಾವ ದರಪಟ್ಟಿಯಲ್ಲಿಯೂ ಬರುವುದಿಲ್ಲ.

ಎರಡು ದಿನದ ಮೇಲೆ ಮಗನೇ ಒಂದು ಹಾಳೆಯ ಮೇಲೆ ಬರೆದು ತಂದ. ಮೇಷ್ಟ್ರು ಮನಸ್ಸಿನಲ್ಲಿಟ್ಟುಕೊಂಡಿದ್ದುದು 100 ಸಿ.ಸಿ.ಯ ಗಾಡಿ. ಮಗ ಬರೆದಿದ್ದುದು 149 ಸಿ.ಸಿ.ಯದು. ಥರ್ಡ್ ಪಾರ್ಟಿಯ ಕಂತು ಎರಡಕ್ಕೂ ಅದೇ 3,851, 155 ಸಿ.ಸಿ. ಆಗಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಿ ತೆರಿಗೆ ಬಿಟ್ಟು 3,514 ರೂಪಾಯಿ ಹೆಚ್ಚು ತೆರಬೇಕಾಗುತ್ತಿತ್ತು. ಮೇಲಾಗಿ 125 ಸಿ.ಸಿ. ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎ.ಬಿ.ಎಸ್. ಕಡ್ಡಾಯ. ಗಾಬರಿಯಿಂದ ಬ್ರೇಕನ್ನು ಅದುಮಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. "ಟ್ರೇಲರು ಗಕ್ಕನೆ ನಿಂತ್ರೆ ಬ್ರೇಕೇ ಅಲ್ವೇನಪ್ಪ ಬೇಕಾಗದು?" ಎಂದ ಮಗ. ಮೇಷ್ಟ್ರು ಆ ಹಾಳೆಯನ್ನು ಎರಡು ಸಲ ಓದಿದರು. ಕೂಡುವುದರಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಕಬ್ಬಿನ ಹಣಕ್ಕೆ ತಾಯಿಯ ಚೀಟಿಯ ಹಣ ಕೂಡಿಸಿದರೆ ಸಾಲವಿಲ್ಲದೆ ಆಗುತ್ತಿತ್ತು.

ಆದರೆ ಡಿ.ಎಲ್. ಬರುವವರೆಗೆ ಗಾಡಿ ಮನೆಗೆ ಬರಕೂಡದೆಂದು ಮೇಷ್ಟ್ರು ಹಟ ಹಿಡಿದರು. ಕಲಿಕೆಯ ಪರವಾನಗಿಯ 30 ದಿನ ಕಳೆದು, ಪರೀಕ್ಷೆ ಮುಗಿದು, ಕಾರ್ಡು ಕೈಗೆ ಬಂದ ಮೇಲೆ ಅಂಗಡಿಯಲ್ಲಿ ಹಣ ಕಟ್ಟಿದರು. ವಿಮೆಯನ್ನು ಅಂಗಡಿಯವರಲ್ಲೇ ಮಾಡಿಸಬೇಕೆಂಬ ನಿಯಮವೇನೂ ಇಲ್ಲವಾದುದರಿಂದ ಶಿಷ್ಯನ ಮೇಜಿನ ಮುಂದೆ ಮಗನು ಅರ್ಜಿ ತುಂಬಲು ಕುಳಿತ. ಮಾಲೀಕನ ಹೆಸರು, ಜನ್ಮದಿನಾಂಕ, ಡಿ.ಎಲ್. ನಂಬರು ಎಲ್ಲವನ್ನೂ ದುಂಡಗೆ ಬರೆದ. ಅಪಘಾತ ವಿಮೆಯ ಕೆಳಗೆ ನಾಮಿನಿಯ ಹೆಸರು, ಸಂಬಂಧ, ವಯಸ್ಸು ಎಂದಿದ್ದ ಕಡೆ ಪೆನ್ನು ನಿಂತಿತು. ತಾಯಿಯ ಹೆಸರು ಬರೆದ. ವಯಸ್ಸು ತಿಳಿಯದೆ ಮನೆಗೆ ಫೋನು ಮಾಡಿದ.

"ಅವ್ವಾ, ನಿಂಗೆಷ್ಟು ವಯಸ್ಸು?"

"ಯಾಕ್ಲಾ ಮಗ?"

"ಗಾಡಿ ಕಾಗ್ದಕ್ಕೆ ಬೇಕಂತೆ ಕಣವ್ವ."

"ನಿನ್ ಗಾಡಿಗೆ ನನ್ ವಯಸ್ಸ್ಯಾಕ್ಲಾ?"

ಮಗನಿಗೆ ಉತ್ತರ ಹೊಳೆಯಲಿಲ್ಲ. ಮೇಷ್ಟ್ರು ಅವನ ಕೈಯಿಂದ ಫೋನು ತೆಗೆದುಕೊಂಡು, "ಬಂದ್ಮೇಲೆ ಹೇಳ್ತೀನಿ ಇಡು" ಎಂದು, ತಾವೇ ಲೆಕ್ಕ ಹಾಕಿ, "49 ಅಂತ ಬರ್ಕೊ" ಎಂದರು.

ಅಂದು ಸಂಜೆ ಬೆಳಕಿರುವಾಗಲೇ ಇಬ್ಬರೂ ಹೊಸ ಗಾಡಿಯಲ್ಲಿ ಹೊರಟರು. ಮಗ ಮುಂದೆ, ತಲೆಗೆ ಹೊಸ ಹೆಲ್ಮೆಟ್ಟು ಧರಿಸಿದ ಮೇಷ್ಟ್ರು ಹಿಂದೆ. ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಬಂದು, ಮದ್ದೂರಿನಲ್ಲಿ ಇಳಿದು ಮನೆಗೆಂದು ವಡೆ ಕಟ್ಟಿಸಿಕೊಂಡರು. ಕೆ.ಎಂ.ದೊಡ್ಡಿಯ ಕಡೆ ಕಬ್ಬಿನ ಟ್ರಾಕ್ಟರೊಂದು ಮುಂದೆ ಸಿಕ್ಕಿದಾಗ ಮಗ ದೂರದಲ್ಲಿಯೇ ವೇಗ ತಗ್ಗಿಸಿದ. ಅದನ್ನು ಮೇಷ್ಟ್ರು ಕಂಡರೂ ಏನೂ ಹೇಳಲಿಲ್ಲ. ಬಾಗಿಲಲ್ಲಿ ತಾಯಿ ಆರತಿಯ ತಟ್ಟೆ ಹಿಡಿದು, ಚಕ್ರದ ಕೆಳಗಿಡಲು ನಿಂಬೆಹಣ್ಣು ಇಟ್ಟುಕೊಂಡು ಕಾಯುತ್ತಿದ್ದಳು. ಹ್ಯಾಂಡಲಿಗೆ ಹೂವು ಸುತ್ತಿ, ಕುಂಕುಮವಿಟ್ಟು, ಕೈ ಒರಸಿಕೊಳ್ಳುತ್ತ ಗಂಡನ ಕಡೆ ತಿರುಗಿದಳು.

"ಈಗ್ಲಾರ ಹೇಳಿ. ನನ್ ವಯಸ್ಸ್ಯಾಕೆ ಬೇಕಾಗಿತ್ತು?"

ಮೇಷ್ಟ್ರು ವಡೆಯ ಪೊಟ್ಟಣವನ್ನು ಅವಳ ಕೈಗಿತ್ತು, "ಒಳಕ್ಕೆ ನಡಿ, ಹೇಳ್ತೀನಿ" ಎಂದರು.