ಛೇತ್ರಿ ಆದಮೇಲೆ ಗೋಲು ಹೊಡೆಯೋರು ಯಾರು?

ಈಗಷ್ಟೇ ತಲೆಗೆ ಬಂದದ್ದು: ನಮ್ಮ ಬೆಂಗಳೂರು ಎಫ್‌ಸಿ ಮುಂದಿನ ಪ್ರಶ್ನೆ ಕಪ್ ಗೆಲ್ಲೋದಲ್ಲ, ಸುನಿಲ್ ಛೇತ್ರಿ ಜಾಗ ತುಂಬೋದು. 2024-25ರ ಐಎಸ್‌ಎಲ್‌ನಲ್ಲಿ ತಂಡ ಫೈನಲ್‌ವರೆಗೂ ಹೋಗಿ, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 2-1ರಿಂದ ಸೋತಿತು. ಆ ಸೀಸನ್‌ನಲ್ಲಿ 40ರ ಛೇತ್ರಿ 14 ಗೋಲು ಹೊಡೆದು, ಭಾರತೀಯ ಆಟಗಾರರಲ್ಲೇ ಮೊದಲಿಗರಾದರು. ಇದು ಅವರ ಹಿರಿಮೆ, ನಿಜ. ಆದರೆ ಗೋಲಿಗೆ ತಂಡ ಇನ್ನೂ 2013ರಲ್ಲಿ ಬಂದ ನಾಯಕನನ್ನೇ ನೆಚ್ಚಿಕೊಂಡಿದೆ ಅನ್ನೋದಕ್ಕೂ ಅದೇ ಸಾಕ್ಷಿ.

'ಹೊಡೀತಾ ಇರೋರನ್ನ ಯಾಕೆ ಕೂರಿಸಬೇಕು?' ಅಂತ ಕೇಳ್ತೀರಿ. ಕೂರಿಸೋದು ಬೇಡ, ಪಕ್ಕದಲ್ಲಿ ಒಬ್ಬನನ್ನು ಬೆಳೆಸಿ. 'ವಿದೇಶಿ ಸ್ಟ್ರೈಕರ್ ಇದ್ದಾರಲ್ಲ' ಅನ್ನೋರಿಗೆ ಮಿಕು ಉದಾಹರಣೆ ಸಾಕು. 2018-19ರಲ್ಲಿ ಕಪ್ ಗೆದ್ದ ಮೇಲೆ ಅವರು ಹೊರಟರು. ಮರುವರ್ಷ ತಂಡ ಗೋಲಿಗೆ ಪರದಾಡಿತು, ಭಾರ ಮತ್ತೆ ಛೇತ್ರಿ ಹೆಗಲಿಗೇ ಬಿತ್ತು. ವಿದೇಶಿಯರು ಬಂದು ಹೋಗುತ್ತಾರೆ, ಇಲ್ಲೇ ಬೆಳೆದವರು ಉಳಿಯುತ್ತಾರೆ. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಗೋಲು ಹೊಡೆದ ಶಿವಶಕ್ತಿ ನಾರಾಯಣನ್‌ನಂಥ ಹುಡುಗರಿಗೆ ಕೊನೆಯ ಹತ್ತು ನಿಮಿಷ ಕೊಟ್ಟರೆ ಸಾಲದು, ಮೊದಲ ಹನ್ನೊಂದರಲ್ಲೇ ಜಾಗ ಕೊಡಬೇಕು. ಒಂದೆರಡು ಪಂದ್ಯ ಸೋತರೂ ಪರವಾಗಿಲ್ಲ, ಛೇತ್ರಿ ಪಕ್ಕದಲ್ಲಿ ನಿಂತು ಕಲಿಯೋ ಅವಕಾಶ ಮತ್ತೆ ಸಿಗಲ್ಲ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಬಿಎಫ್‌ಸಿ ಗೆಳೆಯರೇ, ನೀವಾದರೆ ಒಂಬತ್ತನೇ ನಂಬರ್ ಯಾರಿಗೆ ಕೊಡ್ತೀರಿ?