ತೆರೆ ಎಳೆದ ಹೊತ್ತು

ಫೋನಿನಲ್ಲಿ ನಡುನಡುವೆ ಎದ್ದು ಬರುವ ಹಾಳೆ ನಮ್ಮಲ್ಲಿ ಎಷ್ಟು ಹೆಂಗಸರ ಕೈ ಕಟ್ಟಿದೆಯೋ! ಅರಸೀಕೆರೆಯ ನಮ್ಮ ಮನೆಯನ್ನೇ ನೋಡಿ. ಅತ್ತೆಯವರು ಕರೆಂಟ್ ಬಿಲ್ಲು ಕಟ್ಟಲೆಂದು ಮೂರು ನಾಲ್ಕು ಪುಟ ಧೈರ್ಯವಾಗಿ ದಾಟುತ್ತಾರೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಹಾಳೆ ಸರ್ರನೆ ಮೇಲೇರಿ ಎಲ್ಲವನ್ನೂ ಮುಚ್ಚಿತೋ, "ಅಯ್ಯೋ, ಇದ್ದದ್ದೆಲ್ಲ ಹೋಯ್ತು ಕಣಮ್ಮ" ಎಂದು ಫೋನನ್ನೇ ಆರಿಸಿಬಿಡುತ್ತಾರೆ. ಆಮೇಲೆ ಮಗನ ದಾರಿ ಕಾಯುವುದು.

ಆ್ಯಪ್ ಕಟ್ಟುವವರು ಈ ಹಾಳೆಯನ್ನು 'ಮೋಡಲ್' ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವ ನನ್ನ ಮಗಳು ರಜೆಗೆ ಬಂದಾಗ ಅಜ್ಜಿಗೆ ಇದನ್ನು ವಿವರಿಸಿದ್ದು ಗುಡಿಗಳ ಲೆಕ್ಕದಲ್ಲಿ.

ಬೇಲೂರಿನ ಚೆನ್ನಕೇಶವನ ದರ್ಶನಕ್ಕೆ ಗೋಪುರ, ಅಂಗಳ, ನವರಂಗ ಎಂದು ಒಂದೊಂದಾಗಿ ದಾಟಿ ಹೋಗುತ್ತೇವೆ; ಬರುವಾಗ ಹಾಗೆಯೇ ಹಿಂದಕ್ಕೆ. ಆ್ಯಪಿನಲ್ಲಿ ಪುಟದ ಮೇಲೆ ಪುಟ ತೆರೆದು, ಬಾಣದ ಗುರುತು ಒತ್ತಿ ಮರಳುವುದೂ ಇದೇ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಶಾಂತಲೇಶ್ವರ ಎರಡೂ ಒಂದೇ ಜಗತಿಯ ಮೇಲೆ ಅಕ್ಕಪಕ್ಕ. ಒಂದರಿಂದ ಇನ್ನೊಂದಕ್ಕೆ ಹಾಯಬಹುದು. ಪರದೆಯ ತಳದ ಸಾಲುಗುಂಡಿಗಳು ಅಂಥವು. ಈ ಪುಟಗಳನ್ನೆಲ್ಲ ಒಳಗಿಟ್ಟುಕೊಂಡು, ನಾವು ಎಲ್ಲಿದ್ದೆವೆಂದು ನೆನಪಿಡುವ ಚೌಕಟ್ಟೇ 'ಕಂಟೇನರ್'.

ಮೋಡಲ್ ಮಾತ್ರ ನೈವೇದ್ಯದ ಹೊತ್ತಿಗೆ ಗರ್ಭಗುಡಿಗೆ ಎಳೆಯುವ ತೆರೆ. ನಾವು ನಿಂತಲ್ಲೇ ಇರುತ್ತೇವೆ. "ತೆರೆ ಎಳೆದರು ಅಂತ ಯಾರಾದ್ರೂ ಮನೆಗೆ ಓಡ್ತಾರಾ ಅಜ್ಜಿ?" ಎಂದಳು.

ಆ ತೆರೆಯನ್ನು ಎಲ್ಲಿ ಕಟ್ಟಬೇಕೆಂಬುದೂ ಒಂದು ವಿಚಾರವಂತೆ. ಒಳಗಿನ ಪುಟಕ್ಕಷ್ಟೇ ಕಟ್ಟಿದರೆ ತಳದ ಗುಂಡಿಗಳು ತೆರೆದೇ ಇರುತ್ತವೆ; ಬೆರಳು ತಾಗಿದರೆ ಕೆಲಸ ಅರ್ಧಕ್ಕೇ ಬಿಟ್ಟು ಬೇರೆ ಕಡೆ ಹೋಗಿರುತ್ತೇವೆ. ಅದಕ್ಕೇ ಹೌದು-ಅಲ್ಲ ಹೇಳಲೇಬೇಕಾದ ಮಾತಿಗೆ ಇಡೀ ಚೌಕಟ್ಟಿನ ಮೇಲೆಯೇ ಹಾಳೆ ಹೊದಿಸುತ್ತಾರೆ. ಹಾಳೆ ಮುಚ್ಚಿದರೆ ಮೊದಲಿದ್ದ ಪುಟ ಮೊದಲಿದ್ದಂತೆಯೇ ಸಿಗಬೇಕು. 2019ರ ಐಓಎಸ್ 13ರಿಂದ ಐಫೋನಿನ ಇಂಥ ಹಾಳೆಗಳ ಹಿಂದೆ ಹಳೆಯ ಪುಟದ ಅಂಚು ಕಾಣುತ್ತದೆ. ಕೆಳಗೆಳೆದರೆ ಹಾಳೆ ಸರಿಯುತ್ತದೆ. ಬರೆದದ್ದು ಉಳಿಸದೆ ಇದ್ದರೆ ಹಾಗೆ ಸರಿಯದಂತೆ ತಡೆಯಲೂಬಹುದು.

ಈ ಮರ್ಯಾದೆ ಎಲ್ಲರಿಗಿಲ್ಲ. ಕೆಲವು ಜಾಹೀರಾತಿನ ಹಾಳೆಗಳಲ್ಲಿ ಮುಚ್ಚುವ ಗುರುತು ಎಳ್ಳುಕಾಳಿನಷ್ಟು. ಕನ್ನಡಕದ ಕಣ್ಣಿಗೆ ಅದು ಕಂಡೀತೆ? ಹೊರಬರುವ ದಾರಿ ಕಾಣದಿದ್ದರೆ ಹೆಂಗಸರು ತಮ್ಮನ್ನೇ ದಡ್ಡರೆಂದುಕೊಳ್ಳುತ್ತಾರೆ. ದಡ್ಡತನ ಕಟ್ಟಿದವರದು.

ಒಂದು ಹಾಳೆಯನ್ನು ಮಾತ್ರ ಚೆನ್ನಾಗಿ ಗುರುತಿಟ್ಟುಕೊಳ್ಳಿ. 2016ರಲ್ಲಿ ಶುರುವಾದ ಯುಪಿಐನಲ್ಲಿ, ಯಾವ ಆ್ಯಪೇ ಇರಲಿ, ಪಿನ್ ಕೇಳುವ ಪುಟ ಹೆಚ್ಚುಕಡಿಮೆ ಒಂದೇ ಥರ. ಅದು ಎದ್ದು ನಿಲ್ಲುವುದು ನಮ್ಮನ್ನು ತಡೆದು ಕೇಳಲೆಂದೇ: ಯಾರಿಗೆ, ಎಷ್ಟು? ಹಣ ಪಡೆಯಲು ಪಿನ್ ಬೇಕಿಲ್ಲ. "ದುಡ್ಡು ಬರುತ್ತೆ, ಪಿನ್ ಒತ್ತಿ" ಎಂದು ಯಾರಾದರೂ ಫೋನಿನಲ್ಲಿ ಅವಸರ ಮಾಡಿದರೆ ಆ ಹಾಳೆಯನ್ನು ಮುಚ್ಚಿ, ಮಾತನ್ನೂ ಅಲ್ಲಿಗೇ ನಿಲ್ಲಿಸಿ.